ಗಾಳಿ ಹೋಗುವ ದಾರಿಯಲ್ಲಿ ಆಯಿಲ್

ಬಾನೆಟ್ ಎತ್ತಿ, ಏರ್ ಫಿಲ್ಟರ್‌ನಿಂದ ಇಂಜಿನ್‌ಗೆ ಹೋಗುವ ದಪ್ಪ ಕರಿ ಹೋಸ್ ಬಿಚ್ಚಿದಾಗ ಬೆರಳಿಗೆ ಆಯಿಲ್ ಹತ್ತಿತೆಂದರೆ ಗಾಡಿಯವರ ಮುಖ ಇಳಿದುಹೋಗುತ್ತದೆ. ಅದು ಗಾಳಿಯ ದಾರಿ, ಅಲ್ಲಿ ಆಯಿಲ್‌ಗೇನು ಕೆಲಸ? ಪಕ್ಕದಲ್ಲಿ ನಿಂತವರಲ್ಲಿ ಒಬ್ಬರು "ಟರ್ಬೊ ಹೋಗೈತಿ" ಅನ್ನುತ್ತಾರೆ, ಇನ್ನೊಬ್ಬರು "ಇಂಜಿನ್ ಬೋರಿಗೆ ಬಂದೈತಿ" ಅನ್ನುತ್ತಾರೆ. ಎರಡೂ ಹತ್ತಾರು ಸಾವಿರ ರೂಪಾಯಿಯ ಮಾತುಗಳು. ಪಾಪಿನಾಯಕನಹಳ್ಳಿಯ ಹೆದ್ದಾರಿ ಬದಿಯಲ್ಲಿ ಗ್ಯಾರೇಜ್ ಇಟ್ಟುಕೊಂಡು, ಡೀಸೆಲ್ ಗಾಡಿಗಳ ಕೆಳಗೆ ಮಲಗಿ ಎದ್ದು ವರ್ಷಗಳನ್ನು ಕಳೆದ ನಾನು ಬಂದವರಿಗೆಲ್ಲ ಹೇಳುವುದು ಒಂದೇ. ಆಯಿಲ್ ಕಂಡಿತು ಅಂತ ತೀರ್ಪು ಕೊಡಬೇಡಿ. ಎಷ್ಟಿದೆ, ಎಲ್ಲಿಂದ ಶುರುವಾಗಿದೆ, ಯಾವ ಬಣ್ಣದಲ್ಲಿದೆ ಅಂತ ನೋಡಿ. ಅಗ್ಗದ ಕಾರಣವನ್ನು ಮೊದಲು ಹುಡುಕಿ, ದುಬಾರಿ ಕಾರಣಕ್ಕೆ ಕೊನೆಗೆ ಹೋಗಿ. ನಮ್ಮ ಸೀಮೆಯಲ್ಲಂತೂ ಹುಡುಕಾಟ ಬಹಳ ಸಲ ಧೂಳಿನ ಹತ್ತಿರ ಬಂದು ನಿಲ್ಲುತ್ತದೆ.

ನಮ್ಮೂರನ್ನು ಜನ ಪಿ.ಕೆ. ಹಳ್ಳಿ ಅಂತಲೇ ಕರೆಯುವುದು. ಹೊಸಪೇಟೆ ಬಿಟ್ಟು ಬಳ್ಳಾರಿ ಕಡೆ ಹೊರಟರೆ ಸಿಗುತ್ತದೆ. ಮೊದಲು 63 ಅನ್ನುತ್ತಿದ್ದ, ಈಗ 67 ಎಂದು ಫಲಕ ಬಿದ್ದಿರುವ ರಾಷ್ಟ್ರೀಯ ಹೆದ್ದಾರಿ ಇಲ್ಲಿದೆ. ಹುಬ್ಬಳ್ಳಿಯಿಂದ ಗುಂತಕಲ್‌ಗೆ ಹೋಗುವ ರೈಲು ಹಳಿಯೂ ಇಲ್ಲಿದೆ. ದಕ್ಷಿಣಕ್ಕೆ ಸಂಡೂರಿನ ಗುಡ್ಡಗಳು, ಬಳ್ಳಾರಿ ಕಡೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸುವವರೆಗೆ ಅದಿರಿನ ಲಾರಿಗಳ ಸಾಲು ಹಗಲು ರಾತ್ರಿ ಕಡಿಯುತ್ತಿರಲಿಲ್ಲ. ಆಮೇಲೆ ಗಣಿಗಳು ಹಂತಹಂತವಾಗಿ ಮತ್ತೆ ಶುರುವಾದವು, ಟಾರ್ಪಾಲಿನ್ ಕಟ್ಟುವ ಕಟ್ಟುನಿಟ್ಟು ಬಂತು. ಆದರೂ ಬೇಸಿಗೆಯ ಮಧ್ಯಾಹ್ನ ಒಂದು ಟಿಪ್ಪರ್ ಹಿಂದೆ ಐದು ನಿಮಿಷ ಹೋದ ಕಾರಿನ ವೈಪರ್ ಬುಡ ನೋಡಿ, ಕುಂಕುಮದಂಥ ಪುಡಿ ಕೂತಿರುತ್ತದೆ. ಅದು ಹೆಮಟೈಟ್ ಅದಿರು, ಅದರ ಜೊತೆಗೆ ಬೆಣಚುಕಲ್ಲಿನ ಪುಡಿ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಹೆಮಟೈಟ್ 5.5ರಿಂದ 6.5, ಬೆಣಚು 7. ಇಂಜಿನ್‌ನ ಲೈನರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಮಾಡಿರುವ ಎರಕದ ಕಬ್ಬಿಣ ಇವೆರಡಕ್ಕಿಂತ ಮೆದು.

ಇಂಜಿನ್ ಎಷ್ಟು ಗಾಳಿ ಕುಡಿಯುತ್ತದೆ ಅನ್ನುವ ಅಂದಾಜು ಬಹಳ ಜನಕ್ಕಿಲ್ಲ. ಒಂದು ಲೀಟರ್ ಡೀಸೆಲ್ ಸರಿಯಾಗಿ ಉರಿಯಲು ಕನಿಷ್ಠ 10,000 ಲೀಟರ್ ಗಾಳಿ ಬೇಕು. 1.3 ಲೀಟರ್‌ನ ಸಣ್ಣ ಡೀಸೆಲ್ ಕಾರು 2,000 ಆರ್‌ಪಿಎಂನಲ್ಲಿ ಓಡುವಾಗ, ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುವ ಟರ್ಬೊದ ಒತ್ತಡವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ನಿಮಿಷಕ್ಕೆ ಸುಮಾರು 1,300 ಲೀಟರ್ ಗಾಳಿ ಎಳೆಯುತ್ತದೆ. ನಾವು ಉಸಿರಾಡುವ ಈ ಕೆಂಪು ಗಾಳಿಯನ್ನೇ ಅದೂ ಎಳೆಯುವುದು. ಮಧ್ಯೆ ಇರುವ ತಡೆ ಒಂದು ಕಾಗದದ ಫಿಲ್ಟರ್ ಮಾತ್ರ.

ಈಗ ಆಯಿಲ್ ವಿಷಯ. ಪಿಸ್ಟನ್ನಿಗೆ ಎಷ್ಟೇ ಹೊಸ ರಿಂಗ್ ಹಾಕಿರಲಿ, ಮೇಲೆ ಉರಿಯುವ ಗ್ಯಾಸಿನಲ್ಲಿ ಒಂದಿಷ್ಟು ರಿಂಗ್‌ಗಳ ಸಂದಿಯಿಂದ ಕೆಳಗೆ, ಕ್ರ್ಯಾಂಕ್ ಇರುವ ಕೋಣೆಗೆ ನುಗ್ಗಿಯೇ ನುಗ್ಗುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ ಬ್ಯಾಕ್ ಕಂಪ್ರೆಶನ್ ಅನ್ನುತ್ತೇವೆ. ಕೆಳಗೆ ಕ್ರ್ಯಾಂಕ್ ತಿರುಗುತ್ತಾ ಆಯಿಲ್ ಎರಚಾಡುತ್ತಿರುತ್ತದೆ; ಆ ಮಂಜಿನಂಥ ಆಯಿಲನ್ನು ಹೊತ್ತುಕೊಂಡು ಗ್ಯಾಸ್ ಹೊರಗೆ ಬರಲು ದಾರಿ ಹುಡುಕುತ್ತದೆ. ದಾರಿ ಕೊಡದಿದ್ದರೆ ಒತ್ತಡ ಏರಿ ಆಯಿಲ್ ಸೀಲ್‌ಗಳನ್ನೇ ಹೊರಗೆ ತಳ್ಳುತ್ತದೆ. ಅದಕ್ಕೇ ಬ್ರೀದರ್ ಪೈಪ್ ಇರುವುದು. ಹಳೆಯ ಲಾರಿಗಳಲ್ಲಿ ಈ ಪೈಪ್ ಚಾಸಿಯ ಪಕ್ಕದಲ್ಲಿ ನೆಲಕ್ಕೆ ಮುಖಮಾಡಿ ಇಳಿದಿರುತ್ತಿತ್ತು, ಗಾಡಿ ನಿಂತಲ್ಲಿ ತೊಟ್ಟಿಕ್ಕುತ್ತಿತ್ತು. ಡ್ರೈವರ್‌ಗಳು ಆ ತೊಟ್ಟು ನೋಡಿಯೇ ಇಂಜಿನ್‌ನ ಆರೋಗ್ಯ ಅಂದಾಜು ಮಾಡುತ್ತಿದ್ದರು.

ಆ ಪೈಪನ್ನು ನೆಲದಿಂದ ಎತ್ತಿ ಗಾಳಿಯ ದಾರಿಗೆ ಜೋಡಿಸಿದ ಕಥೆ ಅಮೆರಿಕದ ಲಾಸ್ ಏಂಜಲೀಸ್‌ನಿಂದ ಶುರುವಾಗುತ್ತದೆ. ಆ ಊರಿನ ಮೇಲೆ ಕವಿಯುತ್ತಿದ್ದ ಕಣ್ಣುರಿಯ ಹೊಗೆಮಂಜಿಗೆ ಕಾರುಗಳು ಬಿಡುವ ಹೈಡ್ರೊಕಾರ್ಬನ್ ಮತ್ತು ಬಿಸಿಲು ಸೇರಿ ಕಾರಣವಾಗುತ್ತವೆ ಎಂದು ಆರಿ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ 1950ರ ದಶಕದಲ್ಲಿ ತೋರಿಸಿಕೊಟ್ಟರು. 1961ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ, ಬ್ರೀದರ್‌ನ ಗ್ಯಾಸನ್ನು ಹೊರಗೆ ಬಿಡದೆ ಇಂಜಿನ್‌ಗೇ ವಾಪಸ್ ಉಣಿಸಬೇಕೆಂದು ಕಡ್ಡಾಯ ಮಾಡಿತು. ಇವತ್ತು ನಿಮ್ಮ ಮನೆ ಮುಂದಿರುವ ಕಾರಿನಲ್ಲೂ ಅದೇ ಏರ್ಪಾಡು. ಬ್ರೀದರ್ ಪೈಪ್ ಏರ್ ಫಿಲ್ಟರ್ ದಾಟಿದ ಮೇಲೆ ಗಾಳಿಯ ಹೋಸ್‌ಗೆ ಬಂದು ಸೇರುತ್ತದೆ. ಆಯಿಲ್ ಮಂಜನ್ನು ಬೇರ್ಪಡಿಸುವ ಸಣ್ಣ ಡಬ್ಬಿಯೊಂದು ನಡುವೆ ಇರುತ್ತದೆ, ಆದರೆ ಪೂರ್ತಿ ಬೇರ್ಪಡಿಸಲು ಅದರಿಂದ ಆಗುವುದಿಲ್ಲ. ಹಾಗಾಗಿ ಟರ್ಬೊ ಡೀಸೆಲ್ ಕಾರಿನ ಗಾಳಿ ಪೈಪಿನೊಳಗೆ ಬೆರಳಿಗೆ ಹತ್ತುವಷ್ಟು ತೆಳು ಪಸೆ ಇದ್ದರೆ ಅದು ರೋಗ ಅಲ್ಲ, ಇಂಜಿನ್ ಕಟ್ಟಿರುವುದೇ ಹಾಗೆ.

ರೋಗ ಶುರುವಾಗುವುದು ಪಸೆ ಹನಿಯಾದಾಗ, ಹನಿ ಗುಂಡಿಯಲ್ಲಿ ನಿಂತಾಗ.

ಹೊಸಪೇಟೆಯಲ್ಲಿ ಮನೆ, ಸಂಡೂರಿನಲ್ಲಿ ಹೈಸ್ಕೂಲು ನೌಕರಿ ಇರುವ ಮೇಷ್ಟ್ರೊಬ್ಬರು ತಮ್ಮ ಬಿಳಿ ಡೀಸೆಲ್ ಕಾರು ತಂದಿದ್ದರು. ದಿನಾ ಅದಿರಿನ ಲಾರಿಗಳ ಹಿಂದೆ ಹೋಗಿ ಬರುವ ಗಾಡಿ. ಪಿಕಪ್ ಇಲ್ಲ, ಘಾಟಿ ಏರುವಾಗ ಕಪ್ಪು ಹೊಗೆ, ಮಧ್ಯೆ ಒಮ್ಮೊಮ್ಮೆ ನೀಲಿ. ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಹೋಸ್ ಬಿಚ್ಚಿ, ಆಯಿಲ್ ತೋರಿಸಿ, ಟರ್ಬೊ ಬದಲಿಸಬೇಕು ಅಂತ ಚೀಟಿ ಬರೆದು ಕೊಟ್ಟಿದ್ದರು.

"ಮೇಸ್ತ್ರಿ, ಟರ್ಬೊ ಹೋಗೈತಂತ. ಮಗಳ ಫೀಸು ಕಟ್ಟಬೇಕಾಗಿತ್ತು ಈ ತಿಂಗಳು" ಅಂದರು.

"ನೋಡೋಣ ಇರ್ರಿ ಸಾರ್. ಮೊದಲು ಗಾಡಿ ಆರಲಿ" ಅಂದೆ.

ಆರಿದ ಮೇಲೆ ಸಮನೆಲದಲ್ಲಿ ನಿಲ್ಲಿಸಿ ಆಯಿಲ್ ಗೇಜ್ ಎಳೆದೆ. ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಹಿಂದಿನ ಸಲ ಆಯಿಲ್ ಬದಲಿಸಿದವರು ಹಳೆಯದು ಪೂರ್ತಿ ಇಳಿಯುವ ಮೊದಲೇ ಬೋಲ್ಟ್ ಹಾಕಿ ಹೊಸ ಡಬ್ಬಿ ಸುರಿದಿರಬೇಕು. ಆಯಿಲ್ ಹೆಚ್ಚಾದರೆ ಒಳ್ಳೆಯದೇ ಅಲ್ಲವಾ ಅಂತ ಕೇಳುವವರು ಇದ್ದಾರೆ. ಅಲ್ಲ. ಕ್ರ್ಯಾಂಕ್‌ನ ತೂಕದ ಬಿಲ್ಲೆಗಳು ಆಯಿಲ್ ಮಟ್ಟಕ್ಕೆ ತಾಗಿ ಕಡೆಯುತ್ತವೆ, ನೊರೆ ಏಳುತ್ತದೆ, ಆ ನೊರೆ ಬ್ರೀದರ್ ಹಿಡಿದು ಗಾಳಿ ಹೋಸ್‌ಗೆ ಬರುತ್ತದೆ. ಗಾಳಿ ದಾರಿಯಲ್ಲಿ ಆಯಿಲ್ ಕಂಡ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಗೇಜ್. ದುಡ್ಡು ಬೀಳದ ಪರೀಕ್ಷೆ, ಆದರೂ ಬಹಳ ಕಡೆ ಇದನ್ನು ಬಿಟ್ಟೇ ಮುಂದೆ ಹೋಗುತ್ತಾರೆ.

ಆಮೇಲೆ ಫಿಲ್ಟರ್ ಬಾಕ್ಸ್. ಮುಚ್ಚಳದ ಕ್ಲಿಪ್‌ಗಳಲ್ಲಿ ಒಂದು ಮುರಿದಿತ್ತು, ಅಲ್ಲಿ ಬೈಂಡಿಂಗ್ ವೈರ್ ಸುತ್ತಿದ್ದರು. ಫಿಲ್ಟರ್ ಎತ್ತಿದರೆ ಮಡಿಕೆಗಳೇ ಕಾಣುತ್ತಿರಲಿಲ್ಲ. ಮಳೆಗೆ ಹೂಳು ತುಂಬಿದ ನೇಗಿಲ ಸಾಲಿನ ಹಾಗೆ ಎಲ್ಲ ಕೆಂಪಗೆ ಸಮವಾಗಿತ್ತು. ಮುಖ್ಯ ಸಂಗತಿ ಇದ್ದದ್ದು ಅದರ ಆಚೆ ಬದಿಗೆ, ಫಿಲ್ಟರ್ ದಾಟಿದ ಸ್ವಚ್ಛ ಬದಿಗೆ. ಬಿಳಿ ಬನಿಯನ್ ಬಟ್ಟೆಯ ತುಂಡು ತಗೊಂಡು ಹೋಸ್‌ನ ಒಳಗೋಡೆ ಒರೆಸಿದೆ. ಮುರಿದ ಕ್ಲಿಪ್ ಇದ್ದ ಮೂಲೆಯಿಂದ ಹೊರಟ ಒಂದು ಕೆಂಪು ಗೆರೆ ಬಟ್ಟೆಗೆ ಬಂತು, ಒಣಗಿದ ಗೆರೆ. ಇನ್ನೂ ಒಳಗೆ, ಬ್ರೀದರ್ ಪೈಪ್ ಬಂದು ಸೇರುವ ಜಾಗದವರೆಗೆ ಒರೆಸಿದೆ, ಆಯಿಲ್ ಇಲ್ಲ. ಆ ಜೋಡಣೆ ದಾಟಿದ ಕೂಡಲೇ ಬಟ್ಟೆ ಕಪ್ಪಾಗಿ ತೊಯ್ದಿತು, ಕೆಂಪು ಧೂಳು ಅದರಲ್ಲಿ ಕಲಸಿ ಮಸಿಯ ಹಾಗಾಗಿತ್ತು. ಬಟ್ಟೆಯನ್ನು ಮೇಷ್ಟ್ರ ಕೈಗೆ ಕೊಟ್ಟೆ. "ಆಯಿಲ್ ಶುರುವಾಗಿರೋದು ಟರ್ಬೊದಿಂದ ಅಲ್ಲ ಸಾರ್, ಅದಕ್ಕಿಂತ ಮೊದಲೇ ಶುರುವಾಗೈತಿ. ಬ್ರೀದರ್‌ನಿಂದ ಬಂದೈತಿ" ಅಂದೆ.

ಈ ತರ್ಕ ಸರಳ. ಗಾಳಿ ಹೋಗುವ ದಿಕ್ಕಿನಲ್ಲಿ ಒಂದೊಂದೇ ಜೋಡಣೆ ಬಿಚ್ಚುತ್ತಾ ಹೋಗಬೇಕು. ಫಿಲ್ಟರ್, ಆಮೇಲೆ ಬ್ರೀದರ್ ಸೇರುವ ಜಾಗ, ಆಮೇಲೆ ಟರ್ಬೊದ ಬಾಯಿ, ಟರ್ಬೊ ದಾಟಿದ ಪೈಪ್, ಗಾಳಿ ತಣಿಸುವ ಇಂಟರ್‌ಕೂಲರ್, ಕೊನೆಗೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್. ಎಲ್ಲಿ ಒಣಗಿದ್ದು ಎಲ್ಲಿ ಒದ್ದೆಯಾಯಿತೋ ಅಲ್ಲೇ ಬಾಗಿಲು. ಟರ್ಬೊದ ಬಾಯಿಯವರೆಗೆ ಒಣಗಿದ್ದು, ಆಚೆ ಬದಿಯಲ್ಲಿ ಮಾತ್ರ ಆಯಿಲ್ ಸುರಿಯುತ್ತಿದ್ದರೆ ಆಗ ಟರ್ಬೊ ಮೇಲೆ ಅನುಮಾನ ಪಡಬೇಕು. ಎರಡೂ ಬದಿ ಒಂದೇ ತರ ಒದ್ದೆ ಇದ್ದರೆ ಬ್ರೀದರ್.

ಹಾಗಂತ ಟರ್ಬೊ ಪರೀಕ್ಷೆ ಮಾಡದೆ ಬಿಡಲಿಲ್ಲ. ಅದರ ಬಾಯಿಗೆ ಟಾರ್ಚ್ ಬಿಟ್ಟು ರೆಕ್ಕೆಗಳ ಅಂಚು ನೋಡಿದೆ. ಚಕ್ಕೆ ಎದ್ದಿಲ್ಲ, ಗೋಡೆಗೆ ಉಜ್ಜಿದ ಗುರುತಿಲ್ಲ. ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇತ್ತು, ಹಿಂದಕ್ಕೂ ಮುಂದಕ್ಕೂ ಇರಲಿಲ್ಲ. ಪಕ್ಕದ ಆಟ ಇರಬೇಕಾದದ್ದೇ. ಟರ್ಬೊದ ಶಾಫ್ಟ್ ಬೇರಿಂಗ್‌ಗೆ ಒರಗಿ ತಿರುಗುವುದಿಲ್ಲ, ಆಯಿಲ್ ಪದರದ ಮೇಲೆ ತೇಲಿ ತಿರುಗುತ್ತದೆ, ಸಣ್ಣ ಕಾರುಗಳಲ್ಲಿ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿಗೂ ಹೋಗುತ್ತದೆ. ತಣ್ಣಗಿದ್ದಾಗ ಆ ಪದರ ಇರುವುದಿಲ್ಲವಾದ್ದರಿಂದ ಒಂದಿಷ್ಟು ಅಲ್ಲಾಡುತ್ತದೆ. ಉದ್ದಕ್ಕೆ ಆಟ ಬಂದಿದ್ದರೆ, ರೆಕ್ಕೆ ಗೋಡೆಗೆ ಉಜ್ಜಿದ್ದರೆ, ಟರ್ಬೊ ಮುಗಿದಿದೆ ಅಂತ ನಾನೇ ಹೇಳುತ್ತಿದ್ದೆ.

ಇನ್ನೊಂದು ವಿಷಯ ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಗಾಡಿಗಳಿಗೆ ಇದೇ ದೊಡ್ಡ ಕಾಟ. ಟರ್ಬೊದ ಸೀಲ್ ಅಂದರೆ ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗ್‌ನಂಥ ಸಣ್ಣ ಉಕ್ಕಿನ ಬಳೆ. ಆಯಿಲನ್ನು ತಡೆಯುವ ಕೆಲಸದಲ್ಲಿ ಬಳೆಗಿಂತ ಎರಡು ಬದಿಯ ಒತ್ತಡದ ಪಾಲು ಹೆಚ್ಚು. ಗಾಳಿ ಬದಿಯಲ್ಲಿ ಒತ್ತಡ ಇರುವವರೆಗೆ ಆಯಿಲ್ ಒಳಗೇ ಇರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಟರ್ಬೊ ಎಳೆದ ಎಳೆತಕ್ಕೆ ಗಾಳಿ ಸಿಗದೆ ಅದರ ಬಾಯಿಯಲ್ಲಿ ನಿರ್ವಾತ ಉಂಟಾಗುತ್ತದೆ. ಆ ನಿರ್ವಾತ ಸೀಲ್ ಸಂದಿಯಿಂದಲೂ ಬ್ರೀದರ್‌ನಿಂದಲೂ ಆಯಿಲನ್ನು ಹೀರುತ್ತದೆ. ಟರ್ಬೊದಿಂದ ಆಯಿಲ್ ವಾಪಸ್ ಇಂಜಿನ್ ತಳದ ಸಂಪ್‌ಗೆ ಇಳಿಯುವ ರಿಟರ್ನ್ ಪೈಪಿನಲ್ಲಿ ಕರಕಲು ಕಟ್ಟಿದ್ದರೂ ಹಾಗೆಯೇ, ಇಳಿಯಲು ದಾರಿ ಇಲ್ಲದ ಆಯಿಲ್ ಸೀಲ್ ದಾಟುತ್ತದೆ. ಫಿಲ್ಟರ್, ರಿಟರ್ನ್ ಪೈಪ್, ಬ್ರೀದರ್ ಮೂರನ್ನೂ ನೋಡದೆ ಹೊಸ ಟರ್ಬೊ ಕೂರಿಸಿದರೆ ಆ ಹೊಸದರಿಂದಲೂ ಆಯಿಲ್ ಬರುತ್ತದೆ. ಇಂಥ ಗಾಡಿಗಳು ಎರಡನೇ ಟರ್ಬೊ ಹಾಕಿಸಿಕೊಂಡು ನಮ್ಮಲ್ಲಿಗೆ ಬಂದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಮೇಷ್ಟ್ರ ಗಾಡಿಗೆ ಉಳಿದದ್ದು ಇಂಜಿನ್ ಪರೀಕ್ಷೆ. ಸ್ಟಾರ್ಟ್ ಮಾಡಿ, ಸ್ಲೋದಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅದೇ ಬಾಯಿಯ ಮೇಲೆ ಸಡಿಲವಾಗಿ ಮಗುಚಿಟ್ಟೆ. ರಿಂಗ್ ಹೋದ ಇಂಜಿನ್ ಆಗಿದ್ದರೆ ಮುಚ್ಚಳ ಕುಣಿಯುತ್ತದೆ, ಬಾಯಿಯಿಂದ ಹೊಗೆ ಬುಸುಬುಸು ಎದ್ದು ಬರುತ್ತದೆ. ಇಲ್ಲಿ ಸಣ್ಣ ಆವಿ ಅಷ್ಟೇ, ಮುಚ್ಚಳ ಕೂತಲ್ಲೇ ಕೂತಿತ್ತು. ಇಂಜಿನ್ ಚೆನ್ನಾಗಿದೆ ಅಂತ ಹೇಳಿ ಕೆಲಸ ಶುರುಮಾಡಿದೆವು. ಹೆಚ್ಚಿನ ಆಯಿಲ್ ಇಳಿಸಿ ಎರಡು ಗೆರೆಗಳ ನಡುವೆ ತಂದೆವು. ಬ್ರೀದರ್ ಡಬ್ಬಿ ಮತ್ತು ಪೈಪ್ ತೊಳೆದೆವು, ಹೊಸ ಫಿಲ್ಟರ್, ಹೊಸ ಕ್ಲಿಪ್. ಇಂಟರ್‌ಕೂಲರ್ ಇಳಿಸಿ ಬಗ್ಗಿಸಿದರೆ ಅರ್ಧ ಚಹಾ ಗ್ಲಾಸಿನಷ್ಟು ಕರಿ ಆಯಿಲ್ ಬಂತು. ಅದನ್ನು ತೊಳೆದು ನೆರಳಲ್ಲಿ ಒಂದಿಡೀ ದಿನ ಒಣಗಲು ಬಿಟ್ಟೆ. ಅವಸರ ಮಾಡಲಿಲ್ಲ, ಏಕೆಂದರೆ ಒಳಗೆ ಉಳಿದ ತೊಳೆದ ಡೀಸೆಲ್ ಕೂಡ ಇಂಜಿನ್‌ಗೆ ಆಹಾರವಾಗುತ್ತದೆ. ಟರ್ಬೊ ಮುಟ್ಟಲಿಲ್ಲ. ಸಾವಿರ ಕಿಲೋಮೀಟರ್ ಓಡಿಸಿ ಬನ್ನಿ ಅಂತ ಹೇಳಿ ಕಳಿಸಿದೆ. ಬಂದಾಗ ಹೋಸ್‌ನಲ್ಲಿ ಪಸೆ ಮಾತ್ರ ಇತ್ತು, ಗೇಜ್‌ನಲ್ಲಿ ಆಯಿಲ್ ಇಳಿದಿರಲಿಲ್ಲ.

ಗೇಜ್ ಇಳಿದಿದೆಯೋ ಇಲ್ಲವೋ ಅನ್ನುವುದು ಪೈಪಿನ ಒದ್ದೆಗಿಂತ ದೊಡ್ಡ ಸಾಕ್ಷಿ. ಪೈಪ್ ತೊಯ್ದಿದ್ದು ಸಾವಿರ ಕಿಲೋಮೀಟರ್‌ಗೆ ಆಯಿಲ್ ಮಟ್ಟ ಅಲ್ಲಾಡದಿದ್ದರೆ ಗಾಬರಿ ಬೇಡ. ಗೇಜ್‌ನ ಕೆಳಗಿನ ಗೆರೆಗೂ ಮೇಲಿನ ಗೆರೆಗೂ ನಡುವೆ ಬಹಳಷ್ಟು ಕಾರುಗಳಲ್ಲಿ ಸುಮಾರು ಒಂದು ಲೀಟರ್ ಅಂತರ ಇರುತ್ತದೆ. ಸಾವಿರ ಕಿಲೋಮೀಟರ್‌ಗೆ ಅದರ ಅರ್ಧ ಮಾಯವಾಗುತ್ತಿದ್ದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ, ಹುಡುಕಲೇಬೇಕು. ಹೊಸ ಬಿಎಸ್-6 ಡೀಸೆಲ್‌ಗಳಲ್ಲಿ ಉಲ್ಟಾ ಆಗುವುದೂ ಉಂಟು, ಆಯಿಲ್ ಮಟ್ಟ ಏರುತ್ತದೆ. ಸೈಲೆನ್ಸರ್ ಕಡೆಯ ಫಿಲ್ಟರ್‌ನಲ್ಲಿ ಕೂತ ಮಸಿಯನ್ನು ಸುಟ್ಟು ಶುಚಿ ಮಾಡಿಕೊಳ್ಳಲು ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಊರೊಳಗೇ ಓಡಾಡುವ ಗಾಡಿಯಲ್ಲಿ ಆ ಶುಚಿ ಕೆಲಸ ಅರ್ಧಕ್ಕೆ ನಿಂತು ನಿಂತು, ಡೀಸೆಲ್ ಲೈನರ್ ಗೋಡೆ ಹಿಡಿದು ಸಂಪ್‌ಗೆ ಇಳಿಯುತ್ತದೆ. ಗೇಜ್ ಮೂಸಿದರೆ ಡೀಸೆಲ್ ವಾಸನೆ ಬರುತ್ತದೆ. ಆ ಆಯಿಲ್ ಕೂಡಲೇ ಬದಲಿಸಬೇಕು.

ಹಂಪಿಗೆ ಪ್ರವಾಸಿಗರನ್ನು ಕರೆದೊಯ್ಯುವ ಟ್ಯಾಕ್ಸಿಗಳಲ್ಲಿ ಪೆಟ್ರೋಲ್ ಗಾಡಿಗಳೂ ಇವೆ, ಅವುಗಳ ಲೆಕ್ಕ ಬೇರೆ. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್‌ನಲ್ಲಿ ಎರಡು ಪೈಪ್ ಇರುತ್ತವೆ. ಒಂದು ಪಿಸಿವಿ ವಾಲ್ವ್ ಮೂಲಕ ಗ್ಯಾಸನ್ನು ಮ್ಯಾನಿಫೋಲ್ಡ್‌ಗೆ ಒಯ್ಯುತ್ತದೆ, ಇನ್ನೊಂದು ಫಿಲ್ಟರ್ ಕಡೆಯಿಂದ ಇಂಜಿನ್ ಒಳಕ್ಕೆ ಹೊಸ ಗಾಳಿ ತರುತ್ತದೆ. ವಾಲ್ವ್ ಕಟ್ಟಿಕೊಂಡರೆ ಒಳಗಿನ ಒತ್ತಡ ಎರಡನೇ ಪೈಪಿನಲ್ಲಿ ಹಿಂದಕ್ಕೆ ನುಗ್ಗಿ ಏರ್ ಫಿಲ್ಟರ್ ಬಾಕ್ಸನ್ನೇ ಆಯಿಲ್ ಮಾಡುತ್ತದೆ. ಫಿಲ್ಟರ್ ಕಾಗದ ಒಂದು ಬದಿಗೆ ತೊಯ್ದು ಕಂದು ಬಣ್ಣಕ್ಕೆ ತಿರುಗಿದ್ದರೆ ಇದೇ ಸೂಚನೆ. ವಾಲ್ವ್ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗಿನ ಬಿಲ್ಲೆ ಟಕಟಕ ಅನ್ನಬೇಕು. ಇಂಜಿನ್ ಸ್ಲೋದಲ್ಲಿದ್ದಾಗ ಅದರ ಬಾಯಿಗೆ ಬೆರಳಿಟ್ಟರೆ ಎಳೆಯಬೇಕು. ಬಹಳಷ್ಟು ಗಾಡಿಗಳಲ್ಲಿ ಇದು ಸಣ್ಣ ಖರ್ಚಿನ ಸಾಮಾನು. ವಾಲ್ವ್ ಬದಲಿಸಿದರೂ ಬಾಕ್ಸ್ ಮತ್ತೆ ತೊಯ್ದರೆ ಆಗ ರಿಂಗ್ ಕಡೆ ತಿರುಗಬೇಕು. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಜಿಡ್ಡು ಕಂಡರೆ ಅದು ನೀರಿನ ಅಂಶ. ಹತ್ತಿರದ ಓಡಾಟದಲ್ಲಿ ಇಂಜಿನ್ ಪೂರ್ತಿ ಬಿಸಿಯಾಗದೆ ಕಟ್ಟಿದ್ದಿರಬಹುದು, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಯೋಚನೆ ಮಾಡಬೇಕು.

ಕಂಪ್ಲಿ ಕಡೆಯಿಂದ ಬರುವ ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಗಾಳಿ ದಾರಿಯಲ್ಲಿ ಆಯಿಲ್ ಇರಲೇಬೇಕು. ಅವುಗಳ ಏರ್ ಕ್ಲೀನರ್ ಆಯಿಲ್ ತುಂಬಿದ ಬಟ್ಟಲು. ನಡುವಿನ ಪೈಪಿನಿಂದ ಗಾಳಿ ರಭಸವಾಗಿ ಕೆಳಗೆ ಬಂದು, ಬಟ್ಟಲಿನ ಆಯಿಲ್ ಮೇಲೆ ಬಡಿದು, ಗಕ್ಕನೆ ಮೇಲಕ್ಕೆ ತಿರುಗುತ್ತದೆ. ಧೂಳಿಗೆ ಅಷ್ಟು ಬೇಗ ತಿರುಗಲು ಬರುವುದಿಲ್ಲ, ಆಯಿಲ್‌ನಲ್ಲೇ ಮುಳುಗುತ್ತದೆ. ಉಳಿದದ್ದು ಮೇಲಿನ ತಂತಿ ಜಾಲರಿಗೆ ಅಂಟುತ್ತದೆ. ಭತ್ತದ ಕೊಯ್ಲಿನ ದಿನಗಳಲ್ಲಿ ಹೊಟ್ಟು, ಧೂಳು ಎಲ್ಲ ತುಂಬಿ ಬಟ್ಟಲ ತಳದಲ್ಲಿ ಕೆಸರಾಗುತ್ತದೆ. ಆಗ ಕೆಸರು ಬಳಿದು ತೆಗೆದು, ಬಟ್ಟಲಿನಲ್ಲಿರುವ ಗುರುತಿನವರೆಗೆ ಮಾತ್ರ ಆಯಿಲ್ ಹಾಕಬೇಕು. ಹೆಚ್ಚು ಹಾಕಿದರೆ ಹೆಚ್ಚು ಶುಚಿ ಎಂದುಕೊಂಡು ಅಂಚಿನವರೆಗೆ ತುಂಬಿ ತಂದ ಟ್ರ್ಯಾಕ್ಟರ್ ನಮ್ಮ ಗ್ಯಾರೇಜಿಗೆ ಬಂದಿತ್ತು. ಎಳೆತಕ್ಕೆ ಆಯಿಲ್ ಇಂಜಿನ್‌ಗೇ ಹೋಗಿ ಬೆಳ್ಳಗೆ, ನೀಲಿಗೆ ಹೊಗೆ. ರೈತರ ಮನೆಯವರು ಇಂಜಿನ್ ಹೋಯಿತು ಅಂತ ಎದೆ ಒಡೆದುಕೊಂಡಿದ್ದರು. ಬಟ್ಟಲ ಆಯಿಲ್ ಗುರುತಿಗೆ ಇಳಿಸಿದೆವು, ಸರಿಹೋಯಿತು.

ಎಲ್ಲವೂ ಹೀಗೆ ಸಲೀಸಾಗಿ ಮುಗಿಯುವುದಿಲ್ಲ. ಗಣಿ ಗುತ್ತಿಗೆಗೆ ಓಡುತ್ತಿದ್ದ ಜೀಪೊಂದರಲ್ಲಿ ಫಿಲ್ಟರ್ ಹೊಸದೇ ಇತ್ತು, ಆದರೆ ಫಿಲ್ಟರ್‌ಗೂ ಟರ್ಬೊಗೂ ನಡುವಿನ ಹೋಸ್‌ನ ಕೆಳಹೊಟ್ಟೆಯಲ್ಲಿ ಸೀಳು. ಬಗ್ಗಿ ನೋಡಿದರೂ ಕಾಣದ ಜಾಗ, ಕೈ ಹಾಕಿ ಹಿಂಡಿದಾಗ ಬಾಯಿ ಬಿಟ್ಟಿತು. ಎಷ್ಟು ದಿನದಿಂದ ಅದಿರಿನ ಧೂಳು ಅಲ್ಲಿಂದ ಹೋಗುತ್ತಿತ್ತೋ. ಒಂದು ಕೂದಲ ದಪ್ಪ ಸುಮಾರು 70 ಮೈಕ್ರಾನ್. ಇಂಜಿನ್‌ಗೆ ಹೆಚ್ಚು ಹಾನಿ ಮಾಡುವುದು 5ರಿಂದ 20 ಮೈಕ್ರಾನ್‌ನ ಕಣಗಳು, ಕಣ್ಣಿಗೆ ಬೀಳದವು. ರಿಂಗ್‌ಗೂ ಲೈನರ್‌ಗೂ ನಡುವಿನ ಆಯಿಲ್ ಪದರದೊಳಗೆ ಅವು ಹೊಕ್ಕು ಎರಡನ್ನೂ ಅರೆಯುತ್ತವೆ. ಆ ಜೀಪಿನ ಆಯಿಲ್ ಮುಚ್ಚಳ ಕುಣಿಯುವುದಿರಲಿ, ಹಾರಿಹೋಯಿತು. ಕಂಪ್ರೆಶನ್ ಗೇಜ್ ಹಾಕಿದಾಗ ಎಲ್ಲ ಸಿಲಿಂಡರ್‌ಗಳೂ ಬಿದ್ದಿದ್ದವು. ಹೆಡ್ ಇಳಿಸಿದರೆ ಲೈನರ್ ಮೇಲಿನ ಅಡ್ಡಗೆರೆಗಳೆಲ್ಲ ಸವೆದು ಕನ್ನಡಿಯಾಗಿತ್ತು. ಅಲ್ಲಿ ಫುಲ್ ಇಂಜಿನ್ ಕೆಲಸ ಬಿಟ್ಟರೆ ಗತಿ ಇರಲಿಲ್ಲ. ಹಳೆಯ ಹೋಸ್‌ಗೆ ಟೇಪ್ ಸುತ್ತಿ ಹಾಕಿಬಿಡು ಅಂತ ಮಾಲೀಕರು ಅಂದರು. ಲಕ್ಷ ಹತ್ತಿರದ ಕೆಲಸ ಮಾಡಿಸಿ ಕೆಲವು ನೂರರ ಹೋಸ್ ಉಳಿಸಲು ನಾನು ಒಪ್ಪಲಿಲ್ಲ. ಹೊಸದು ತರಿಸಿಯೇ ಗಾಡಿ ಬಿಟ್ಟೆ.

ಪೆಟ್ರೋಲ್ ಇಂಜಿನ್ ಆದರೆ ರಿಂಗ್ ಹೋಗಿದೆಯೋ ಹೆಡ್‌ನ ವಾಲ್ವ್ ಹೋಗಿದೆಯೋ ಬಿಚ್ಚದೆಯೇ ತಿಳಿಯಬಹುದು. ಕಂಪ್ರೆಶನ್ ಕಡಿಮೆ ಬಂದ ಸಿಲಿಂಡರ್‌ಗೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಹೊಗೆಯೂ ಸುಳಿವು ಕೊಡುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್. ಎಳೆತದಲ್ಲಿ ಉದ್ದಕ್ಕೂ ಬರುತ್ತಿದ್ದರೆ ರಿಂಗ್ ಅಥವಾ ಟರ್ಬೊ. ತುಂಬ ಹೊತ್ತು ಮೆಲ್ಲಗೆ ಓಡಿಸಿ ಒಮ್ಮೆಲೇ ಎಕ್ಸಿಲರೇಟರ್ ಒತ್ತಿದಾಗ ಮಾತ್ರ ನೀಲಿ ಮೋಡ ಎದ್ದರೆ ಇಂಟರ್‌ಕೂಲರ್‌ನಲ್ಲಿ ಆಯಿಲ್ ನಿಂತಿದೆ, ಅದನ್ನು ಇಳಿಸಬೇಕು.

ಆ ನಿಂತ ಆಯಿಲ್ ಬಗ್ಗೆ ಡೀಸೆಲ್ ಗಾಡಿ ಇರುವ ಪ್ರತಿ ಮನೆಯವರೂ ತಿಳಿದಿರಬೇಕು. ಡೀಸೆಲ್ ಇಂಜಿನ್‌ಗೆ ಕಿಡಿ ಬೇಡ, ಒತ್ತಡದ ಬಿಸಿಗೇ ಉರಿಯುತ್ತದೆ. ಗಾಳಿಯ ಜೊತೆ ಸಾಕಷ್ಟು ಆಯಿಲ್ ಹೋದರೆ ಅದನ್ನೇ ಡೀಸೆಲ್ ಎಂದು ಉರಿಸಿಕೊಂಡು ಇಂಜಿನ್ ತಾನಾಗಿ ರೇಸ್ ಆಗುತ್ತದೆ. ಚಾವಿ ತಿರುಗಿಸಿದರೂ ನಿಲ್ಲುವುದಿಲ್ಲ, ಏಕೆಂದರೆ ಚಾವಿ ನಿಲ್ಲಿಸುವುದು ಡೀಸೆಲನ್ನು, ಆಯಿಲನ್ನಲ್ಲ. ಗಾಳಿ ಮುಚ್ಚುವ ಫ್ಲ್ಯಾಪ್ ಇರುವ ಗಾಡಿಗಳಲ್ಲಿ ನಿಲ್ಲಬಹುದು, ಎಲ್ಲದರಲ್ಲೂ ಅಲ್ಲ. ಕೈಗೇರಿನ ಗಾಡಿಯಾದರೆ ಬ್ರೇಕ್ ಪೂರ್ತಿ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಕೊನೆಯ ಗೇರ್ ಹಾಕಿ ಕ್ಲಚ್ ಬಿಟ್ಟುಬಿಡಿ. ಇಂಜಿನ್ ಕಟ್ಟಿಕೊಂಡು ನಿಲ್ಲುತ್ತದೆ. ಆಗದಿದ್ದರೆ ಇಳಿದು ದೂರ ಹೋಗಿ, ಬಾನೆಟ್ ಮೇಲೆ ಬಗ್ಗಬೇಡಿ, ತುಂಡುಗಳು ಸಿಡಿಯಬಹುದು. ಗ್ಯಾರೇಜಿನಲ್ಲಿ ನಾವು ಗಾಳಿಯ ಬಾಯಿಗೆ ಗಟ್ಟಿ ಹಲಗೆ ಒತ್ತುತ್ತೇವೆ. ಅಂಗೈ ಇಡುವ ಸಾಹಸ ಯಾರೂ ಮಾಡಬಾರದು. ಬಟ್ಟೆ ತುರುಕಿದರೆ ಒಳಗೆ ಎಳೆದುಕೊಳ್ಳುತ್ತದೆ.

ಇನ್ನು ಫಿಲ್ಟರ್. ನಮ್ಮ ಧೂಳಿನಲ್ಲಿ ಕಂಪನಿಯ ಪುಸ್ತಕದ ಕಿಲೋಮೀಟರ್ ಲೆಕ್ಕಕ್ಕೆ ಕಾಯಬೇಡಿ; ಸಂಡೂರು, ತೋರಣಗಲ್ಲು ದಾರಿಯಲ್ಲಿ ದಿನಾ ಓಡುವ ಗಾಡಿಯ ಬಾಕ್ಸನ್ನು ತಿಂಗಳಿಗೊಮ್ಮೆಯಾದರೂ ತೆರೆದು ನೋಡಿ. ಲಾರಿ ಹುಡುಗರು ಫಿಲ್ಟರನ್ನು ಟೈರಿಗೆ ಬಡಿದು, ಪಂಕ್ಚರ್ ಅಂಗಡಿಯ ಗಾಳಿ ಪೂರ್ತಿ ಬಿಟ್ಟು, ಧೂಳು ಕೂತ ಬದಿಯಿಂದಲೇ ಊದುತ್ತಾರೆ. ಆಗ ಕಣಗಳು ಕಾಗದದ ಒಳಗೇ ನಾಟುತ್ತವೆ, ಕಾಗದ ಹರಿಯುತ್ತದೆ. ಊದುವುದೇ ಆದರೆ ಸ್ವಚ್ಛ ಬದಿಯಿಂದ ಧೂಳಿನ ಬದಿಗೆ, ಗಾಳಿ ಕಡಿಮೆ ಮಾಡಿ, ನಳಿಕೆಯನ್ನು ಒಂದು ಗೇಣು ದೂರ ಹಿಡಿದು ಊದಿ. ಆಮೇಲೆ ಕತ್ತಲಲ್ಲಿ ಫಿಲ್ಟರ್ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ಒಂದೊಂದು ಮಡಿಕೆಯೂ ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿದರೂ ಅದನ್ನು ಮತ್ತೆ ಹಾಕಬೇಡಿ. ಬಾಕ್ಸ್ ಮುಚ್ಚುವಾಗ ರಬ್ಬರ್ ಅಂಚು ಸುತ್ತಲೂ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ, ಕ್ಲಿಪ್ ಎಲ್ಲ ಹಾಕಿ, ಟರ್ಬೊವರೆಗಿನ ಹೋಸನ್ನು ಕೆಳಗಿನಿಂದ ಒಮ್ಮೆ ಹಿಂಡಿ, ಸೀಳು ಬಾಯಿ ಬಿಡುತ್ತದೆಯೇ ನೋಡಿ.